ಬೋರಣ್ಣನ ಮಗಳ ತಿಳಿ ಬಿಯರು

ಕುಡಿಯುವ ಲೋಟದ ಆಚೆ ಬದಿಯಲ್ಲಿ ಏನಿದೆ ಎಂದು ಈಚೆಯಿಂದ ಕಾಣಬೇಕು. ಇದು ನನ್ನ ಹಟ. ಕಾಫಿಗೆ, ಮಜ್ಜಿಗೆಗೆ ವಿನಾಯಿತಿ ಕೊಟ್ಟಿದ್ದೇನೆ. ಬಿಯರಿಗೆ ಕೊಡುವುದಿಲ್ಲ. ಈಗಿನ ಹುಡುಗರು ಮುಗಿಬಿದ್ದು ಕುಡಿಯುವ ಹೇಜಿ ಐಪಿಎ ಎಂಬ ಮಬ್ಬು ಬಿಯರನ್ನು ಮೊದಲ ಸಲ ನನ್ನ ಮುಂದೆ ತಂದಿಟ್ಟಾಗ, ಪಕ್ಕದ ಮೇಜಿನ ಮಾವಿನಹಣ್ಣಿನ ಜ್ಯೂಸು ತಪ್ಪಿ ಇತ್ತ ಬಂದಿದೆ ಎಂದುಕೊಂಡು ವಾಪಸ್ ಕಳಿಸಿದ್ದೆ. ಕಳಿಸಿದ್ದು ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ನನ್ನ ಹೆಸರು ಅನಂತಪದ್ಮನಾಭ. ಜಯನಗರ ಐದನೇ ಬ್ಲಾಕಿನವನು. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಸಂಜೆ ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಹೊರಟು, ಜೆ.ಪಿ. ನಗರದ ‘ಹೂಜಿ’ ಎಂಬ ಬ್ರೂಪಬ್ಬಿಗೆ ಹೋಗಿ, ಅಲ್ಲೇ ತಯಾರಾದ ಬಿಯರು ಒಂದು ಗ್ಲಾಸು ಕುಡಿದು ಬರುತ್ತಿದ್ದೆ. ನನ್ನ ಹೆಂಡತಿ ಕಾತ್ಯಾಯಿನಿಗೆ ಇದು ಗೊತ್ತು. “ವಾಕಿಂಗ್ ಹೋಗಿ ಬಂದೋರ ಹತ್ರ ಮಸಾಲೆ ಕಡ್ಲೆಬೀಜದ ವಾಸ್ನೆ ಬರೋದು ನಮ್ಮನೇಲಿ ಮಾತ್ರ” ಎನ್ನುತ್ತಾಳೆ. ಅಷ್ಟಕ್ಕೆ ಬಿಡುತ್ತಾಳೆ, ಪುಣ್ಯಾತ್ಗಿತ್ತಿ.

ನಾನು ಹೇಳಹೊರಟಿದ್ದು ನನ್ನ ಸುದ್ದಿಯಲ್ಲ. ಆ ಬಿಯರು ಮಾಡುತ್ತಿದ್ದ ಬಿಂದುಶ್ರೀಯ ಸುದ್ದಿ, ಅವಳು ತೀರಿಸಿಕೊಂಡ ಸೇಡಿನ ಸುದ್ದಿ. ಸೇಡು ಒಳ್ಳೆಯದಲ್ಲ, ಕ್ಷಮಿಸಿಬಿಡಬೇಕು ಎನ್ನುವ ದೊಡ್ಡ ಮನಸ್ಸಿನವರು ಇಲ್ಲಿಗೇ ಎದ್ದು ಹೋಗಬಹುದು. ನನಗಂತೂ ಇದನ್ನು ಹೇಳುವಾಗಲೆಲ್ಲ ಬಾಯಿ ಸಿಹಿಯಾಗುತ್ತದೆ.

ಬಿಂದುಶ್ರೀ ಸಾರಕ್ಕಿಯ ಹುಡುಗಿ. ಸಾರಕ್ಕಿ ಊರಾಗಿದ್ದಾಗಿನ ಮನೆತನ. ಈಗ ಬಸ್ಸುಗಳು ಒಂದರ ಬಾಲಕ್ಕೆ ಒಂದು ನಿಂತು ಹಾರನ್ ಹೊಡೆಯುವ ಕಡೆ ಅವರ ತಾತ ಸೇವಂತಿಗೆ, ಕನಕಾಂಬರ ಬೆಳೆಯುತ್ತಿದ್ದರಂತೆ. ಅಪ್ಪ ಬೋರಣ್ಣನ ಕಾಲಕ್ಕೆ ಹೂವಿನ ಹೊಲ ಹೋಗಿ ಬಾಡಿಗೆ ಮನೆಗಳು ಬಂದವು. ಮನೆಯಲ್ಲಿ ಇದ್ದದ್ದು ಬೋರಣ್ಣ, ಅವರ ತಾಯಿ ನಾರಾಯಣಮ್ಮ, ಬಿಂದುಶ್ರೀ. ಅವಳ ತಾಯಿ ಹಿಂದೆಯೇ ತೀರಿಕೊಂಡಿದ್ದರು. ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಮೈಕ್ರೋಬಯಾಲಜಿ ಓದಿ, ಬಿಯರು ಮಾಡುವ ಕೆಲಸಕ್ಕೆ ಸೇರುತ್ತೇನೆ ಎಂದಾಗ ನೆಂಟರೆಲ್ಲ ಬಾಯಿಗೆ ಬಂದ ಹಾಗೆ ಆಡಿದರು. ಬೋರಣ್ಣ ಮಾತ್ರ ಮಗಳು ತಂದು ತೋರಿಸಿದ ಹಾಪ್ಸನ್ನು, ಅಂದರೆ ಬಿಯರಿಗೆ ಕಹಿ ಕೊಡುವ ಆ ಒಣಗಿದ ಹೂವನ್ನು, ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, “ಹೂವಿನ ಯಾಪಾರನೇ ಅಲ್ವಾ, ನಮಗೇನ್ ಹೊಸದಾ” ಎಂದರಂತೆ. ಅಲ್ಲಿಗೆ ನೆಂಟರ ಬಾಯಿ ಬಂದ್ ಆಯಿತು.

ನನಗೆ ಅವಳ ಪರಿಚಯವಾದದ್ದು ಒಂದು ಪ್ರಶ್ನೆಯಿಂದ. ನಾನು ಬಿಯರು ಕುಡಿಯುತ್ತೇನೆ, ಮೀನು ಮಾಂಸ ಮುಟ್ಟುವುದಿಲ್ಲ. ಬಿಯರನ್ನು ಬೇಗ ತಿಳಿ ಮಾಡಲು ಕೆಲವರು ಒಣಗಿಸಿದ ಮೀನಿನ ಗಾಳಿಚೀಲದ ಪುಡಿ ಹಾಕುತ್ತಾರೆ ಎಂದು ಎಲ್ಲೋ ಓದಿ ಹೌಹಾರಿದ್ದೆ. ಅವತ್ತು ಹೂಜಿಯಲ್ಲಿ ಗಮ್‌ಬೂಟು ತೊಟ್ಟು, ಕೂದಲು ಗಂಟು ಕಟ್ಟಿ ಓಡಾಡುತ್ತಿದ್ದ ಹುಡುಗಿಯನ್ನು ನಿಲ್ಲಿಸಿ, “ಏನಮ್ಮಾ, ಇದು ವೆಜ್ ತಾನೇ?” ಎಂದು ಕೇಳಿದೆ. ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳು ನಗಲಿಲ್ಲ.

“ಬನ್ನಿ ಅಂಕಲ್, ತೋರಿಸ್ತೀನಿ” ಎಂದು ಒಳಗೆ ಕರೆದುಕೊಂಡು ಹೋಗಿ ಉಕ್ಕಿನ ದೊಡ್ಡ ತೊಟ್ಟಿಯ ಮುಂದೆ ನಿಲ್ಲಿಸಿದಳು. “ನಾನ್ ಏನೂ ಹಾಕಲ್ಲ. ತಣ್ಣಗೆ ಇಟ್ಟು ಸುಮ್ನೆ ಬಿಡ್ತೀನಿ. ಗಸಿ ತಾನಾಗೇ ಕೆಳಗೆ ಕೂರತ್ತೆ.”

ಅದೂ ಐಪಿಎ ಜಾತಿಯದೇ, ಆದರೆ ಮಬ್ಬಿಲ್ಲದ್ದು. ಹೆಸರು ‘ತಿಳಿ’. ಹೆಸರಿಟ್ಟದ್ದು ಬೋರಣ್ಣ. ಬಾಯಿಗಿಟ್ಟ ಕೂಡಲೇ ಕಿತ್ತಳೆ ಸಿಪ್ಪೆ ಮುರಿದಂಥ ಘಮ, ನುಂಗಿದ ಮೇಲೆ ನಾಲಿಗೆಯ ಹಿಂದೆ ಹಾಗಲಕಾಯಿ ಗೊಜ್ಜಿನ ಕಹಿ. ಆ ಕಹಿ ಇನ್ನೊಂದು ಗುಟುಕು ಕೇಳುತ್ತದೆ. ಮಬ್ಬು ಬಿಯರಿನಲ್ಲಿ ಇದಿಲ್ಲ. ಅದು ಮೊದಲಿಂದ ಕೊನೆವರೆಗೂ ಹಣ್ಣಿನ ರಸದ ಹಾಗೆ ಸಿಹಿ ಸಿಹಿ. ಒಳ್ಳೆಯ ಮಬ್ಬು ಮಾಡುವುದೂ ಕಷ್ಟವೇ, ಅದನ್ನು ಬಿಂದುಶ್ರೀಯೇ ಹೇಳಿದ್ದಾಳೆ. ಆದರೆ ಕೆಟ್ಟದ್ದಾದರೂ ಮಬ್ಬಿನಲ್ಲಿ ಅಡಗಿಕೊಳ್ಳಬಹುದು, ತಿಳಿಯಲ್ಲಿ ಅಡಗಲು ಜಾಗವಿಲ್ಲ.

ಬೋರಣ್ಣ ಭಾನುವಾರ ಮಧ್ಯಾಹ್ನ ಬಿಳಿ ಪಂಚೆ ಉಟ್ಟು ಬಂದು ಕಿಟಕಿಯ ಪಕ್ಕ ಕೂರುತ್ತಿದ್ದರು. ಗ್ಲಾಸನ್ನು ಬೆಳಕಿಗೆ ಎತ್ತಿ, ಅದರೊಳಗಿಂದ ರಸ್ತೆಯ ಬಸ್ಸುಗಳನ್ನು ನೋಡಿ, ಆಮೇಲೆ ಕುಡಿಯುತ್ತಿದ್ದರು. ಮನೆಯ ಹಳೆಯ ಒನಕೆ ಸೀಳು ಬಿಟ್ಟಾಗ ಅದರ ತುದಿಯನ್ನು ಕೊಯ್ಸಿ, ಪಾಲಿಶ್ ಹಾಕಿಸಿ, ತಿಳಿಯ ನಲ್ಲಿಗೆ ಹಿಡಿಕೆ ಮಾಡಿಕೊಟ್ಟಿದ್ದರು. ಅದೇ ಒನಕೆಯಲ್ಲಿ ನಾರಾಯಣಮ್ಮ ಭತ್ತ ಕುಟ್ಟಿದ್ದರು. ಅಂಥ ಹಿಡಿಕೆಯನ್ನು ಎಳೆದು ಮಗಳು ಬಿಯರು ಸುರಿಯುವುದನ್ನು ಆ ಮನುಷ್ಯ ಕೂತು ನೋಡುತ್ತಿದ್ದರು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೂಜಿಯ ಮಾಲೀಕ ಮಯೂರ್. ಪದ್ಮನಾಭನಗರದ ಹುಡುಗ. ಹಿಂದೆ ಜಾಹೀರಾತು ಕಂಪನಿಯಲ್ಲಿದ್ದ. ತಲೆಯ ಮೇಲೊಂದು ಜುಟ್ಟು, ಎಣ್ಣೆ ಹಚ್ಚಿ ಬಾಚಿದ ಗಡ್ಡ, ತುದಿ ತಿರುಚಿದ ಮೀಸೆ. ಎಲ್ಲ ಪೋಸ್ಟರಿನಲ್ಲೂ ಅದೇ ಮುಖ, ಕೆಳಗೆ ‘ಬ್ರೂ ಮಾಸ್ಟರ್’ ಎಂಬ ಬಿರುದು. ಕ್ಯಾಮೆರಾ ಇಲ್ಲದೆ ಅವನು ತೊಟ್ಟಿಗಳ ಕೋಣೆಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಬೋರಣ್ಣ ತೀರಿಕೊಂಡದ್ದು ಸಾರಕ್ಕಿ ಮಾರ್ಕೆಟ್ಟಿನಲ್ಲಿ, ಸೊಪ್ಪು ಕೊಳ್ಳುತ್ತ ನಿಂತಲ್ಲೇ ಕುಸಿದು. ಮಗನಿಲ್ಲದ್ದರಿಂದ ಕರ್ಮ ಮಾಡಲು ಅಣ್ಣನ ಮಗ ಶಶಿಧರ್‌ನನ್ನು ಕರೆದರು. ಅವನು ಕೊಳ್ಳಿ ಇಟ್ಟ, ಆದರೆ ಕೂದಲು ಮೀಸೆ ತೆಗೆಸಲು ಒಪ್ಪಲಿಲ್ಲ. ವಾರ್ಡಿನ ತುಂಬ ಅವನ ಹುಟ್ಟುಹಬ್ಬದ ಫ್ಲೆಕ್ಸು ನಿಂತಿತ್ತು. ಫ್ಲೆಕ್ಸಿನಲ್ಲಿ ಮೀಸೆ ಇದ್ದು ಮುಖದಲ್ಲಿ ಇಲ್ಲದಿದ್ದರೆ ಜನ ಗುರುತು ಹಿಡಿಯುತ್ತಾರೆಯೇ ಎಂದನಂತೆ. ನಾನೇ ತೆಗೆಸುತ್ತೇನೆ ಎಂದು ಬಿಂದುಶ್ರೀ ಮುಂದೆ ಬಂದರೆ ಹಿರಿಯರು ಬಿಡಲಿಲ್ಲ. “ನನ್ ಮಗಂಗೆ ಒಂದ್ ತಲೆ ಬೋಳಿಸೋರು ಗತಿ ಇಲ್ದಂಗಾಯ್ತಲ್ಲ” ಎಂದು ನಾರಾಯಣಮ್ಮ ಎದೆ ಬಡಿದುಕೊಂಡು ಅತ್ತದ್ದನ್ನು ನಾನು ಕಣ್ಣಾರೆ ಕಂಡೆ.

ಇಷ್ಟು ಆದ ಕೆಲವೇ ವಾರಕ್ಕೆ ಮಯೂರ್ ಆ ಕೆಲಸ ಮಾಡಿದ.

ಊರಲ್ಲೆಲ್ಲ ಮಬ್ಬಿನ ಹುಚ್ಚು ಹಿಡಿದಿತ್ತು. ಬಿಟಿಎಂ ಲೇಔಟಿನಿಂದ ಬೈಕುಗಳಲ್ಲಿ ಬರುವ ಹುಡುಗರು ಮಬ್ಬು ಗ್ಲಾಸನ್ನು ಮುಖದ ಪಕ್ಕ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಿಳಿ ಎಂದರೆ ಅಂಕಲ್‌ಗಳ ಬಿಯರು ಎಂದಾಯಿತು. ಅದಕ್ಕೇ ಮಯೂರ್ ತಿಳಿಯನ್ನು ನಿಲ್ಲಿಸುವುದೆಂದು ತೀರ್ಮಾನಿಸಿದ. ನಿಲ್ಲಿಸಲಿ, ಅವನ ಅಂಗಡಿ. ಆದರೆ ಸುಮ್ಮನೆ ನಿಲ್ಲಿಸಿದರೆ ರೀಲ್ ಆಗುವುದಿಲ್ಲವಲ್ಲ! ತಿಳಿಗೆ ತಿಥಿ ಮಾಡಿದ.

ನಾನು ಅವತ್ತು ಅಲ್ಲೇ ಇದ್ದೆ. ಒಂದು ಭಾನುವಾರ ಮಧ್ಯಾಹ್ನ ಲಿಫ್ಟಿನಿಂದ ಹೊರಗೆ ಬಂದರೆ ಎಲ್ಲರೂ ಬಿಳಿ ಬಟ್ಟೆ ತೊಟ್ಟಿದ್ದರು. ಒನಕೆಯ ಹಿಡಿಕೆಗೆ ಸೇವಂತಿಗೆ ಹಾರ. ಅದರ ಕೆಳಗೆ ಬಾಳೆಲೆಯಲ್ಲಿ ವಡೆ, ಬಜ್ಜಿ, ಒಂದು ಗ್ಲಾಸು ತಿಳಿ. ಊದುಬತ್ತಿ ಬೇರೆ. ಏನೋ ಕಾರ್ಯಕ್ರಮವೆಂದಷ್ಟೇ ತಿಳಿದಿದ್ದ ಬಿಂದುಶ್ರೀ ತೊಟ್ಟಿಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಹಾಗೇ ನಿಂತುಬಿಟ್ಟಳು. ಮಯೂರ್ ಮೈಕು ಹಿಡಿದು, “ಬಾ ಬಿಂದು, ನೀನೇ ಅಲ್ವಾ ಮನೆಯೋರು, ಕೊನೇ ಬಿಂದಿಗೆ ನೀನೇ ಸುರೀಬೇಕು” ಎಂದು ಕರೆದು, ಎಲ್ಲರ ಮುಂದೆ ಉಳಿದ ತಿಳಿಯನ್ನು ಚರಂಡಿಗೆ ಸುರಿಸಿದ. ಜನ ಅಳುವ ನಾಟಕ ಆಡುತ್ತ ನಕ್ಕರು. ಇಬ್ಬರು ಹುಡುಗಿಯರು ಸೆರಗಿನ ಹಾಗೆ ಟಿಶ್ಯೂ ಹಿಡಿದುಕೊಂಡಿದ್ದರು.

ಅವಳು ಸುರಿದಳು. ತುಟಿ ಕಚ್ಚಿ, ಕೊನೆಯ ಹನಿಯವರೆಗೂ ಸುರಿದಳು. ನಾನು ಹತ್ತಿರ ಹೋಗಿ, “ಮಯೂರ್, ಅವರ ತಂದೆ ಹೋಗಿ ಇನ್ನೂ ವರ್ಷ ತುಂಬಿಲ್ಲ, ಇದೇನು ಹುಡುಗಾಟ?” ಎಂದೆ.

“ಅಯ್ಯೋ ಅಂಕಲ್, ಇದು ಬಿಯರಿಗೆ! ಸ್ಪೋರ್ಟಿವ್ ಆಗಿ ತಗೊಳ್ಳಿ” ಎಂದ.

ವಿಡಿಯೋ ಲಕ್ಷಾಂತರ ಜನ ನೋಡಿದರು. ಬಾಡಿಗೆ ಮನೆಯ ಹುಡುಗಿಯೊಬ್ಬಳು ನಾರಾಯಣಮ್ಮನಿಗೂ ತೋರಿಸಿದಳು. ಆಕೆ ಗುರುತು ಹಿಡಿದದ್ದು ಬಿಯರನ್ನಲ್ಲ, ಒನಕೆಯನ್ನು. “ನನ್ ಮಗ ಕೊಟ್ಟ ಒನಕೆಗೆ ಹಾರ ಹಾಕಿ ನಗ್ತಾವ್ರೆ” ಎಂದು ಅನ್ನ ಬಿಟ್ಟು ಕೂತರು. ಹಾರ ಬಾಡಿದ ಮೇಲೂ ಮಯೂರ್ ಆ ಹಿಡಿಕೆಯನ್ನು ಗೋಡೆಗೆ ತೂಗುಹಾಕಿ, ‘ಇಲ್ಲಿ ಮಲಗಿದೆ ತಿಳಿ’ ಎಂದು ಬೋರ್ಡು ಬರೆಸಿದ.

ಬಿಂದುಶ್ರೀ ಕೆಲಸ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಯಾಕಮ್ಮಾ ಎಂದು ಕೇಳಿದೆ.

“ಬಿಟ್ಟು ಹೋದ್ರೆ ಅವನಿಗೆ ಸುಲಭ ಅಂಕಲ್. ಅವನು ಅವನ ಜನರ ಮುಂದೇನೇ ತಲೆ ತಗ್ಗಿಸಬೇಕು. ಅಲ್ಲಿವರ್ಗೂ ಇರ್ತೀನಿ” ಎಂದಳು. ಧ್ವನಿಯಲ್ಲಿ ಅಳು ಇರಲಿಲ್ಲ. ಅದನ್ನು ಕೇಳಿ ನನಗೆ ಸ್ವಲ್ಪ ಭಯವೇ ಆಯಿತು.

ತಿಂಗಳುಗಟ್ಟಲೆ ಮಬ್ಬು ಮಾಡಿದಳು. ಚೆನ್ನಾಗಿಯೇ ಮಾಡಿದಳು. ಮಯೂರ್‌ಗೆ ಅವಳು ಎಲ್ಲ ಮರೆತಳು ಎನ್ನಿಸಿರಬೇಕು. ಅವನು ‘ಮಬ್ಬು ಭಾನುವಾರ’ ಎಂಬ ಹಬ್ಬ ಮಾಡುವುದೆಂದು ಸಾರಿದ. ಮುಂಬೈಯಿಂದ ಬಿಯರಿನ ತೀರ್ಪುಗಾರರು, ರೀಲ್ ಮಾಡುವವರು, ಪತ್ರಿಕೆಯವರು. ಅವತ್ತಿಗೆಂದೇ ವಿಶೇಷ ಮಬ್ಬು ಒಂದು ತೊಟ್ಟಿ ಬೇಕು ಎಂದು ಬಿಂದುಶ್ರೀಗೆ ಹೇಳಿದ. ಆಗಲಿ ಎಂದಳು. ತೊಟ್ಟಿಯ ಮೇಲೆ ‘ಮಬ್ಬು’ ಎಂದು ಚೀಟಿ ಅಂಟಿಸಿದಳು. ಒಳಗೆ ಮಾಡಿದ್ದು ತಿಳಿ. ಯಾರೂ ಬಂದು ನೋಡಲಿಲ್ಲ. ಅದು ತಣ್ಣಗೆ, ಅಲುಗಾಡದೆ, ವಾರಗಟ್ಟಲೆ ಕೂತಿತು.

ಭಾನುವಾರ ಮಯೂರ್ ವೇದಿಕೆಯ ಮೇಲೆ ನಿಂತು, ಮಂಜು ಮುಸುಕಿದ ನಂದಿ ಬೆಟ್ಟದ ಬಗ್ಗೆ ಏನೇನೋ ಹೇಳಿ, ನಲ್ಲಿ ತಿರುಗಿಸಿದ. ಬಂದದ್ದು ತಿಳಿಬಂಗಾರ. ಗ್ಲಾಸಿನ ಆಚೆ ಅವನ ಬೆರಳುಗಳು, ಬೆರಳಿನ ಉಂಗುರ, ಎಲ್ಲ ಕಾಣುತ್ತಿದ್ದವು. ಅವನ ಮುಖ ಬಿಳಿಚಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ತೊಟ್ಟಿಕೋಣೆಯ ಬಾಗಿಲಲ್ಲಿ ಬಿಂದುಶ್ರೀ ಕೈ ಕಟ್ಟಿ ನಿಂತಿದ್ದಳು, ಅಪ್ಪನ ಸಾವಿನ ನಂತರ ಮೊದಲ ಸಲ ಹೊಟ್ಟೆ ತುಂಬಿದವಳ ಹಾಗೆ.

ಆದರೆ ಮುಂಬೈಯ ತೀರ್ಪುಗಾರನೊಬ್ಬ ಆ ಗ್ಲಾಸನ್ನು ಕೈಗೆ ತೆಗೆದುಕೊಂಡು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು ಕುಡಿದ. ಇಂಥ ಐಪಿಎ ಕುಡಿದು ಎಷ್ಟು ಕಾಲವಾಯಿತು, ಮಬ್ಬು ಕುಡಿದೂ ಕುಡಿದೂ ನಾಲಿಗೆ ಜಡ್ಡುಗಟ್ಟಿತ್ತು ಎಂದ. ಫೋನುಗಳೆಲ್ಲ ಮೇಲೆದ್ದವು. ಮಯೂರ್ ಎಂಥ ಆಸಾಮಿ ನೋಡಿ, ಕ್ಷಣ ಬಿಡದೆ ಎರಡೂ ಕೈ ಎತ್ತಿ, “ಸರ್ಪ್ರೈಸ್! ತಿಳಿ ಈಸ್ ಬ್ಯಾಕ್! ಇದೇ ನನ್ನ ಪ್ಲಾನು!” ಎಂದು ಕೂಗಿದ. ಚಪ್ಪಾಳೆಯೋ ಚಪ್ಪಾಳೆ. ಮರುದಿನದ ಪತ್ರಿಕೆಯಲ್ಲಿ ‘ಮಬ್ಬಿನ ನಡುವೆ ತಿಳಿಯ ಸಾಹಸ’ ಎಂದು ಅವನ ಜುಟ್ಟು, ಗಡ್ಡ, ಮೀಸೆ ಬಂತು. ಬಿಂದುಶ್ರೀಯ ಹೆಸರು ಒಂದು ಮೂಲೆಯಲ್ಲೂ ಇರಲಿಲ್ಲ.

ಹೊಟ್ಟೆ ಉರಿದುಹೋಯಿತು ನನಗೆ. ಅವಳಿಗೆ ಏನಾಗಿರಬೇಡ! ಅವಳು ಅವತ್ತು ಸಂಜೆಯೇ ಗೋಡೆಯ ಮೇಲಿನ ಒನಕೆಯ ಹಿಡಿಕೆಯನ್ನು ಕಿತ್ತು, ದುಪಟ್ಟಾದಲ್ಲಿ ಸುತ್ತಿಕೊಂಡು, ಕೆಲಸ ಬಿಟ್ಟು ನಡೆದಳು. ಮಯೂರ್ ತಡೆಯಲಿಲ್ಲ. ಬಿಯರು ಮಾಡುವವರಿಗೇನು ಬರವೇ ಎಂದುಕೊಂಡ.

ಈಗ ಬಂದವರೆಲ್ಲ ತಿಳಿಯನ್ನೇ ಕೇಳತೊಡಗಿದರು. ಹೊಸದಾಗಿ ಬಂದ ಬಿಯರು ಮಾಡುವವನಿಗೆ ಮಯೂರ್ ಕಾಯಲು ಬಿಡಲಿಲ್ಲ, ನಾಳೆಗೇ ಬೇಕು ಎಂದ. ಹೊಸಬ ತನಗೆ ತಿಳಿದ ದಾರಿ ಹಿಡಿದ. ನಾನು ಅರ್ಧ ಗ್ಲಾಸು ಕುಡಿದ ಮೇಲೆ ಏನೋ ಅನುಮಾನ ಬಂದು, ಅವನನ್ನು ಕರೆದು, “ಇದು ವೆಜ್ ತಾನೇ?” ಎಂದೆ. ಪಾಪ, ಸತ್ಯವಂತ. “ಸ್ವಲ್ಪ ಫಿಶ್ ಪೌಡರ್ ಹಾಕ್ತೀವಿ ಸಾರ್, ಆದ್ರೆ ಗೊತ್ತೇ ಆಗಲ್ಲ” ಎಂದ. ನಾನು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಕಾತ್ಯಾಯಿನಿ ಯಾಕೆ ಎಂದು ಕೇಳಿದಳು, ಸೆಕೆ ಎಂದೆ. ಆ ಹೊತ್ತಿನಿಂದ ಬಿಂದುಶ್ರೀಯ ಸೇಡು ನನ್ನ ಸೇಡೂ ಆಯಿತು.

ಜಯನಗರದ ನಮ್ಮ ಗುಂಪು ಹೂಜಿಯನ್ನು ಬಿಟ್ಟಿತು. ರೀಲಿನವರೂ ‘ಮೊದಲಿನ ರುಚಿ ಇಲ್ಲ’ ಎಂದು ಬರೆದರು. ಕೊನೆಗೆ ಮಯೂರ್ ನನಗೆ ಫೋನು ಮಾಡಿದ. “ಅಂಕಲ್, ನೀವು ದೊಡ್ಡೋರು. ನೀವು ಹೇಳಿದ್ರೆ ಬಿಂದು ಕೇಳ್ತಾಳೆ. ಏನೋ ಸೀಕ್ರೆಟ್ ಇದೆ ಅಂಕಲ್, ಹೊಸಬನಿಗೆ ಬರ್ತಿಲ್ಲ. ಒಂದ್ ಸಲ ಕರ್ಕೊಂಡ್ ಹೋಗಿ.” ನಾನು ಕುಣಿಯುತ್ತ ಒಪ್ಪಿದೆ. ರಾಜಿ ಮಾಡಿಸುವುದಕ್ಕಲ್ಲ, ನೋಡುವುದಕ್ಕೆ.

ಸಾರಕ್ಕಿಯ ಓಣಿಯಲ್ಲಿ ಅವರ ಮನೆ. ಜಗಲಿಯ ಮೇಲೆ ನಾರಾಯಣಮ್ಮ ಮಣ್ಣಿನ ಗಡಿಗೆಯ ಒಳಮೈಗೆ ಒಂದು ಬೀಜವನ್ನು ತೇಯುತ್ತ ಕೂತಿದ್ದರು. ಚಿಲ್ಲದ ಬೀಜ. ಹಿಂದೆ ಕೆರೆಯ ರಾಡಿ ನೀರನ್ನು ತಿಳಿ ಮಾಡಲು ಎಲ್ಲರ ಮನೆಯಲ್ಲೂ ಇದನ್ನೇ ತೇಯುತ್ತಿದ್ದರು. ಈಗ ನಲ್ಲಿ ನೀರು ಬಂದರೂ ಮುದುಕಿ ಅಭ್ಯಾಸ ಬಿಟ್ಟಿರಲಿಲ್ಲ. ಮಯೂರ್ ಆ ಬೀಜವನ್ನೂ ಗಡಿಗೆಯನ್ನೂ ನೋಡಿ ನನ್ನ ಮೊಣಕೈ ತಿವಿದ. “ಅಂಕಲ್, ಇದೇ! ಇದೇ ಸೀಕ್ರೆಟ್ಟು!” ಎಂದು ಪಿಸುಗುಟ್ಟಿದ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಒಳಗೆ ಬೋರಣ್ಣನ ಫೋಟೋ, ಅದರ ಕೆಳಗೆ ಒನಕೆಯ ಹಿಡಿಕೆ. ಬಿಂದುಶ್ರೀ ನಮಗೆ ಕುರ್ಚಿ ಕೊಟ್ಟಳು. ತಾನು ನಿಂತೇ ಇದ್ದಳು.

“ಸಾರಿ ಬಿಂದು. ನೀನ್ ಏನ್ ಕೇಳಿದ್ರೂ ಕೊಡ್ತೀನಿ. ತಿಳಿ ಮಾಡೋದು ಹೇಳ್ಕೊಡು” ಎಂದ ಮಯೂರ್.

“ತಿಥಿ ಮಾಡ್ಬಿಟ್ಯಲ್ಲ ಅದಕ್ಕೆ.”

“ಅದು ತಮಾಷೆಗೆ...”

“ತಮಾಷೆಗೋ ನಿಜಕ್ಕೋ, ಮಾಡ್ದೆ. ಅದನ್ನೂ ಅರ್ಧಂಬರ್ಧ ಮಾಡ್ದೆ. ಹಾರ ಹಾಕ್ದೆ, ಎಡೆ ಇಟ್ಟೆ, ವಡೆ ಹಂಚ್ದೆ. ತಿಥಿ ಮಾಡೋನು ತಲೆ ಬೋಳಿಸ್ಕೋಬೇಕು, ಅದನ್ನ ಬಿಟ್ಟೆ. ಅದನ್ನ ಮುಗಿಸು. ಕೂದಲು, ಗಡ್ಡ, ಮೀಸೆ, ಎಲ್ಲಾ. ಟೋಪಿ ಹಾಕಂಗಿಲ್ಲ. ಯಾರು ಹೋದ್ರು ಅಂತ ಯಾರಾದ್ರೂ ಕೇಳಿದ್ರೆ ನಮ್ಮಪ್ಪನ ಹೆಸರು ಹೇಳ್ಬೇಕು. ಬೇರೆ ಏನೂ ಹೇಳಂಗಿಲ್ಲ. ಕೂದಲು ವಾಪಸ್ ಬರೋವರ್ಗೂ ಹಿಂಗೇ ಇದ್ದು ಆಮೇಲೆ ಬಾ. ನಮ್ಮಪ್ಪನ ಫೋಟೋ ಮುಂದೆ ಹೇಳ್ತಿದೀನಿ, ತಿಳಿ ಹೆಂಗ್ ಮಾಡೋದು ಅಂತ ಒಂದಕ್ಷರ ಬಿಡದೆ ಹೇಳ್ತೀನಿ.”

ಮಯೂರ್ ನಿರಾಳವಾಗಿ ನಕ್ಕ. “ಇಷ್ಟೇನಾ? ಬಾಲ್ಡ್ ಲುಕ್ಕೇ ಈಗ ಟ್ರೆಂಡು ಗೊತ್ತಾ! ಯಾರ್ ಕೇಳ್ತಾರೆ ಬಿಡು.”

ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಈ ಊರಲ್ಲೇ ಹುಟ್ಟಿ ಬೆಳೆದೂ ಆ ಹುಡುಗನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಬರೀ ತಲೆ ಬೋಳಿಸಿದರೆ ತಿರುಪತಿಗೆ ಹೋಗಿದ್ದಿರಾ, ಲಡ್ಡು ಎಲ್ಲಿ ಎನ್ನುತ್ತಾರೆ. ತಲೆಯ ಜೊತೆಗೆ ನೆಟ್ಟಗಿದ್ದ ಮೀಸೆಯೂ ಒಂದೇ ದಿನ ಹೋದರೆ, ಬನಶಂಕರಿಯಿಂದ ಜಯನಗರದವರೆಗೆ ಯಾರೂ ಕೇಳದೆ ಬಿಡುವುದಿಲ್ಲ.

ಮಾರನೆಯ ದಿನ ಮಯೂರ್ ಎಲ್ಲ ಬೋಳಿಸಿಕೊಂಡು ಬಂದಾಗ, ಹೂಜಿಯ ಕೆಳಗೆ ಹೂವು ಮಾರುವ ಮುನಿಯಕ್ಕನೇ ಮೊದಲು ಕೇಳಿದ್ದು. ಮೊಳ ಹಾಕುತ್ತಿದ್ದ ಹೂವನ್ನು ಕೆಳಗಿಟ್ಟು, “ಅಯ್ಯೋ ಸಾಮಿ, ಯಾರು ಹೋದ್ರು? ಅಪ್ಪಾನಾ?” ಎಂದಳು.

“ಏಯ್, ಇಲ್ಲಕ್ಕ, ಇದು ಸ್ಟೈ...”

ನಾನು ಪಕ್ಕದಲ್ಲೇ ಇದ್ದೆ. ಹೂಜಿಗೆ ಮತ್ತೆ ಹೋಗತೊಡಗಿದ್ದೆ. ಏನೂ ಕುಡಿಯುತ್ತಿರಲಿಲ್ಲ, ಬರೀ ಸೋಡಾ. ಗಂಟಲು ಸರಿಮಾಡಿಕೊಂಡೆ.

“ಬೋರಣ್ಣ” ಎಂದ ಮಯೂರ್, ಹಲ್ಲು ಕಚ್ಚಿ.

“ಯಾವ ಬೋರಣ್ಣ? ಸಾರಕ್ಕಿ ಬೋರಣ್ಣನಾ? ಹೂವಿನ ಹೊಲದ ಬೋರಣ್ಣನಾ? ಅವರು ನಿಮಗೇನಾಗಬೇಕು ಸಾಮಿ?”

ಅವನು ಲಿಫ್ಟಿನೊಳಗೆ ನುಗ್ಗಿದ. ಲಿಫ್ಟಿನವನು ಕೇಳಿದ. ಹಾಲಿನವನು ಕೇಳಿದ. ಪರವಾನಗಿ ನೋಡಲು ಬಂದ ಇನ್ಸ್‌ಪೆಕ್ಟರು ಟೋಪಿ ತೆಗೆದು, ದನಿ ತಗ್ಗಿಸಿ ಕೇಳಿದರು. ಆಟೋದವನು ಮೀಟರು ಹಾಕುವ ಮೊದಲು ಕೇಳಿದ. ಗ್ಲಾಸು ಎತ್ತಿ ಚಿಯರ್ಸ್ ಎನ್ನಲು ಬಂದವರು ಮುಖ ನೋಡಿ ಗ್ಲಾಸು ಕೆಳಗಿಡುತ್ತಿದ್ದರು. ನಗುಮುಖದ ಬ್ರೂ ಮಾಸ್ಟರ್ ಇದ್ದ ಪೋಸ್ಟರುಗಳ ಕೆಳಗೆ ಅವನು ಸೂತಕದವನ ಹಾಗೆ ಓಡಾಡಿದ. ಹೊಟ್ಟೆ ತಣ್ಣಗಾಗುತ್ತಿತ್ತು ನನಗೆ.

ಎಲ್ಲಕ್ಕಿಂತ ದೊಡ್ಡ ಏಟು ಪದ್ಮನಾಭನಗರದ ಮನೆಯಲ್ಲಿ ಬಿತ್ತು. ಅವನ ತಾಯಿ ಚೂಡಾಮಣಿ ಬಾಗಿಲು ತೆಗೆದವರೇ ಕಿಟಾರನೆ ಕಿರುಚಿದರಂತೆ. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಸುವುದೆಂದರೇನು! ಅಪ್ಪ ಮರುದಿನ ಹೂಜಿಗೇ ಬಂದರು. ಜನ ತುಂಬಿದ ಮಧ್ಯಾಹ್ನ. “ನಾನಿಲ್ಲಿ ಗುಂಡುಕಲ್ಲಿನ ಹಾಗೆ ಇದೀನಿ, ಯಾರು ಹೋದ್ರು ಅಂತ ಬೋಳಿಸ್ಕೊಂಡ್ಯೋ?” ಎಂದು ಗುಡುಗಿದರು. ಇಡೀ ಹಾಲು ತಿರುಗಿ ನೋಡಿತು. ಮಯೂರ್ ನನ್ನ ಕಡೆ ನೋಡಿದ. ನಾನು ಸೋಡಾ ಕುಡಿಯುತ್ತಿದ್ದೆ.

“ಬೋರಣ್ಣ” ಎಂದ, ಅಪ್ಪನ ಮುಂದೆ ತಲೆ ತಗ್ಗಿಸಿ.

ಬಿಂದುಶ್ರೀ ಹೇಳಿದ್ದ ‘ಅವನ ಜನರ ಮುಂದೇನೇ’ ಎಂಬ ಮಾತು ನನಗೆ ನೆನಪಾಯಿತು. ಅವಳು ದಿನವೂ ಸಂಜೆ ಫೋನು ಮಾಡಿ, “ಇವತ್ತು ಯಾರ್ ಯಾರು ಕೇಳಿದ್ರು ಅಂಕಲ್?” ಎನ್ನುತ್ತಿದ್ದಳು. ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. ಆ ದಿನ ಮಯೂರ್‌ನ ಅಪ್ಪನ ಪ್ರಸಂಗ ಕೇಳಿ ನಕ್ಕವಳು, ನಗುವಿನ ನಡುವೆಯೇ ಬಿಕ್ಕಿದಳು. “ನಮ್ಮಪ್ಪನ ಹೆಸರು ಇಷ್ಟ್ ಜನ ಯಾವತ್ತೂ ಕೇಳಿರ್ಲಿಲ್ಲ ಅಂಕಲ್” ಎಂದಳು. ವಿಡಿಯೋ ಮಾಡಿ ಹಾಕೋಣವೇ ಎಂದೆ, ನನಗೂ ಹುಮ್ಮಸ್ಸು ಬಂದಿತ್ತು. “ಬೇಡ. ಇದು ನಮ್ಮಪ್ಪನ ತಿಥಿ, ಆಟ ಅಲ್ಲ” ಎಂದಳು.

ಕೂದಲು ಬಂತು. ಮೀಸೆಯೂ ಬಂತು. ಮಯೂರ್ ನನ್ನನ್ನು ಕರೆದುಕೊಂಡು ಸಾರಕ್ಕಿಗೆ ಹೊರಟ. ಅಷ್ಟರಲ್ಲಿ ಬಿಂದುಶ್ರೀಗೆ ಬನಶಂಕರಿಯ ಹೊಸ ಬ್ರೂಪಬ್ಬಿನಲ್ಲಿ ಕೆಲಸ ಸಿಕ್ಕಿ, ಫೋಟೋದ ಕೆಳಗಿದ್ದ ಒನಕೆಯ ಹಿಡಿಕೆ ಅಲ್ಲಿಯ ನಲ್ಲಿಗೆ ಹೋಗಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಈಗ ಹೇಳು” ಎಂದ, ಫೋಟೋದ ಮುಂದೆ ನಿಂತು.

“ಬಿಯರು ಹುದುಗಿದ ಮೇಲೆ ತೊಟ್ಟಿ ತಣ್ಣಗೆ ಮಾಡು. ಮುಟ್ಟಬೇಡ. ಏನೂ ಹಾಕ್ಬೇಡ. ತಿಳಿ ಆಗೋವರ್ಗೂ ಕಾಯಿ.”

“ಆಮೇಲೆ?”

“ಆಮೇಲೆ ಕುಡಿ.”

“ಆ ಬೀಜ?”

“ಅದು ಅಜ್ಜಿ ನೀರಿಗೆ ಉಜ್ಜೋದು.”

ಅವನ ಮುಖಕ್ಕೆ ರಕ್ತ ನುಗ್ಗಿತು. “ಇಷ್ಟಕ್ಕೆ... ಇದನ್ನ ಮೊದಲೇ ಹೇಳ್ಬಹುದಿತ್ತಲ್ಲ!”

“ಹೇಳಿದ್ದೆ. ಕೆಲಸಕ್ಕೆ ಸೇರಿದ ದಿನಾನೇ ತೊಟ್ಟಿ ಮುಂದೆ ನಿಲ್ಲಿಸ್ಕೊಂಡು ಹೇಳಿದ್ದೆ. ನೀನು ರೀಲ್ ಮಾಡ್ತಿದ್ದೆ.”

ಅವನು ರಪ್ಪನೆ ತಿರುಗಿ ಹೊರಟ. ಸಿಟ್ಟಿಗೆ ಚಪ್ಪಲಿ ಎಡ ಬಲ ಅದಲು ಬದಲಾಗಿ ಮೆಟ್ಟಿದ. ಜಗಲಿಯ ಮೇಲೆ ಕೂತಿದ್ದ ನಾರಾಯಣಮ್ಮ ಕಣ್ಣು ಕಿರಿದು ಮಾಡಿ ನೋಡಿ, “ಯಾರವ್ವ ಈ ಹುಡುಗ?” ಎಂದು ಮೊಮ್ಮಗಳನ್ನು ಕೇಳಿದರು.

“ಅಪ್ಪಂಗೆ ತಲೆ ಬೋಳಿಸ್ಕೊಂಡೋನು ಅಜ್ಜಿ” ಎಂದಳು ಬಿಂದುಶ್ರೀ.

ಮುದುಕಿ ಎದ್ದೇಬಿಟ್ಟರು. ಅವನ ಎರಡೂ ಕೈ ಹಿಡಿದರು. ತಲೆ ಸವರಿದರು. ಆಕೆಯ ಕಣ್ಣಲ್ಲಿ ನೀರು ಧಾರಾಕಾರ. “ನೀನೇನಪ್ಪ? ಒಡಹುಟ್ಟಿದೋನ ಮಗ ಮಾಡ್ಲಿಲ್ಲ, ನೀನ್ ಮಾಡ್ದ್ಯಾ? ಕರ್ಮ ಮಾಡ್ದೋನು ಹಸ್ಕೊಂಡ್ ಹೋಗ್ಬಾರ್ದು, ಕೂತ್ಕೊ ಮಗ, ಮುದ್ದೆ ಐತೆ” ಎಂದು ಎಳೆದು ಕೂರಿಸಿದರು. ಬಿಡಿಸಿಕೊಳ್ಳಲು ಅವನಿಂದ ಆಗಲಿಲ್ಲ. ನಾನು ಬಿಂದುಶ್ರೀಯ ಮುಖ ನೋಡಿದೆ. ಇದನ್ನು ಅವಳೂ ಎಣಿಸಿರಲಿಲ್ಲ.

ಅವನು ತಟ್ಟೆಯ ಮುಂದೆ ಕೂತು ಮುದ್ದೆ ಮುರಿದ. ಮುದುಕಿ ಸಾರು ಬಡಿಸುತ್ತ, “ಇನ್ನೇನು ವರ್ಷದ ಎಡೆ ಬಂತು ಕಣಪ್ಪ. ಶುರು ಮಾಡ್ದೋನೇ ನಡೆಸ್ಕೊಂಡ್ ಹೋಗ್ಬೇಕು. ನಾನಿದ್ರೂ ಸರಿ, ಇಲ್ದಿದ್ರೂ ಸರಿ, ವರ್ಷಾ ವರ್ಷಾ ನೀನೇ ಬರ್ಬೇಕು” ಎಂದರು.

ಮಯೂರ್‌ನ ಕೈ ಬಾಯಿಯ ಹತ್ತಿರವೇ ನಿಂತಿತು. ಮೆಲ್ಲಗೆ ಮೂಗಿನ ಕೆಳಗೆ ಬೆರಳಾಡಿಸಿಕೊಂಡ.

“ಮೀಸೆ...?” ಎಂದ.

“ಮತ್ತೆ?” ಎಂದರು ನಾರಾಯಣಮ್ಮ. “ಮೀಸೆ ಇಟ್ಕೊಂಡ್ ಎಡೆ ಇಕ್ಕಕ್ಕಾಯ್ತದಾ?”

ಬಿಂದುಶ್ರೀ ಅಡುಗೆಮನೆಗೆ ಹೋಗಿ ಅವನಿಗೆ ಇನ್ನೊಂದು ಮುದ್ದೆ ತಂದು ಹಾಕಿದಳು.